ಕೊಡೋಕೆ ಮಾತ್ರ

ವಸ್ತುಗಳಿಗೆ ಹೆಸರಿಡುವ ಹಕ್ಕು ಅಂಗಡಿಯವರದೇ ಎಂದು ನಾನು ಬಹಳ ಕಾಲ ನಂಬಿದ್ದೆ. ಅವರು 'ರಾಯಲ್ ಕಲೆಕ್ಷನ್' ಎಂದರೆ ರಾಯಲ್, 'ಪ್ಯೂರ್ ಕಾಟನ್' ಎಂದರೆ ಪ್ಯೂರ್ ಕಾಟನ್. ಒಗೆದ ಮೇಲೆ ಅದು ಏನಾಯಿತು ಎನ್ನುವುದು ಅವರವರ ಬಚ್ಚಲುಮನೆಯ ಗುಟ್ಟು. ಹೀಗಿರುವಾಗ ನಾನು ಸಾಮಾನು ತರಿಸುವ ಆನ್‌ಲೈನ್ ಅಂಗಡಿಯಲ್ಲಿ ಒಂದು ಹೊಸ ಸೌಲಭ್ಯ ಬಂತು. ಕೊಂಡವರು, ಕೊಳ್ಳದವರು, ಯಾರು ಬೇಕಾದರೂ ಒಂದು ವಸ್ತುವಿಗೆ ತಮಗೆ ತೋಚಿದ ಒಂದು ಮಾತನ್ನು ಕಟ್ಟಬಹುದು. ಅದಕ್ಕೆ ಟ್ಯಾಗ್ ಎನ್ನುತ್ತಾರೆ. ಓದಿದವರಿಗೂ ಸರಿ ಎನ್ನಿಸಿದರೆ ಅದರ ಪಕ್ಕದ 'ಹೌದು' ಒತ್ತಬಹುದು; ಒತ್ತಿದವರ ಹೆಸರು, ಊರು ಕಟ್ಟಿದವರಿಗೆ ಕಾಣುತ್ತದೆ. ಆ ಮಾತನ್ನು ಮುಟ್ಟಿದರೆ ಸಾಕು, ಅದನ್ನೇ ಕಟ್ಟಿಸಿಕೊಂಡ ಬೇರೆ ವಸ್ತುಗಳೆಲ್ಲ ಕರೆದ ಹಾಗೆ ಬಂದು ಸಾಲಾಗಿ ನಿಲ್ಲುತ್ತವೆ. ಇಷ್ಟೇ. ಆದರೆ ಈ ಇಷ್ಟರೊಳಗೆ ನಾನು ಬಿದ್ದವಳು ಇನ್ನೂ ಮೇಲೆ ಬಂದಿಲ್ಲ. ಕೊಳ್ಳುವುದಕ್ಕೆ ಏನೂ ಇಲ್ಲದಿದ್ದರೂ ಮಧ್ಯಾಹ್ನ ಅಡುಗೆಮನೆ ಒರೆಸಿ, ಕೈ ಸೆರಗಿಗೊರೆಸಿಕೊಂಡು, ಬೇರೆಯವರು ವಾರಪತ್ರಿಕೆ ಹಿಡಿದು ಕೂರುವಂತೆ ನಾನು ಟ್ಯಾಗ್ ಓದಲು ಕೂರುತ್ತೇನೆ.

ನೀವು ನಗಬಹುದು. ಮೊದಲು ಓದಿ ನೋಡಿ. ಒಂದು ಕೆಂಪು ಬೆಡ್‌ಶೀಟಿಗೆ ಯಾರೋ 'ಒಗೆದರೆ ಅಳುತ್ತೆ' ಎಂದು ಕಟ್ಟಿದ್ದರು. ಒಂದು ಮಿಕ್ಸಿಗೆ 'ಚಟ್ನಿ ನಮಗೆ, ಸದ್ದು ಬೀದಿಗೆ'. ಒಂದು ಕಡುನೀಲಿ ಸೋಫಾ ಕವರಿಗೆ 'ಅತಿಥಿಗಳು ಬೇಗ ಏಳ್ತಾರೆ'. ಅದು ಹೊಗಳಿಕೆಯೋ ದೂರೋ ನನಗೆ ಇವತ್ತಿಗೂ ಗೊತ್ತಾಗಿಲ್ಲ, ಆದರೆ 'ಹೌದು' ಒತ್ತಿದವರ ಸಾಲು ಉದ್ದವಿತ್ತು. ಇವೆಲ್ಲ ತಮಾಷೆಯವು. ಒಂದು ದಿನ ದೋಸೆ ಕಾವಲಿ ನೋಡುತ್ತಿದ್ದಾಗ ಅದರ ಕೆಳಗೆ 'ಅಮ್ಮನ ಕೈಗೆ ಹಗುರ' ಎಂದು ಕಂಡಿತು. ಸುಮ್ಮನೆ ಮುಟ್ಟಿದೆ. ಒಂದು ಪುಟ್ಟ ಬಕೆಟ್ಟು ಬಂತು, ಒಂದು ಕೊಡೆ ಬಂತು, ತೆಳ್ಳಗಿನ ಹೊದಿಕೆ, ಸಣ್ಣ ಕುಕ್ಕರು, ತಿರುಗಿಸಿದರೆ ಸಲೀಸಾಗಿ ಬಿಚ್ಚಿಕೊಳ್ಳುವ ಮುಚ್ಚಳದ ಡಬ್ಬಿಗಳು ಬಂದವು. ಒಬ್ಬರ ಮುಖ ಒಬ್ಬರು ನೋಡದ ಎಷ್ಟೋ ಜನ ಮಕ್ಕಳು ಎಷ್ಟೋ ಊರುಗಳಲ್ಲಿ ಕುಳಿತು ತಮ್ಮ ತಮ್ಮ ಅಮ್ಮಂದಿರ ಮಣಿಕಟ್ಟನ್ನು ನೆನೆದಿದ್ದರು. ಯಾರೂ ಹೇಳಿ ಮಾಡಿಸಿದ್ದಲ್ಲ, ಸಂಬಳ ಕೊಟ್ಟು ಬರೆಸಿದ್ದಲ್ಲ. ನಾನು ಕಾವಲಿ ಕೊಳ್ಳುವುದನ್ನೇ ಮರೆತು, ಬಾಯಿ ತೆರೆದುಕೊಂಡು, ಗೋಪುರ ನೋಡುವವರ ಹಾಗೆ ಆ ಫೋನನ್ನು ನೋಡುತ್ತಾ ಕುಳಿತೆ.

ನಮ್ಮ ಯಜಮಾನರಿಗೆ ಓದಿ ಹೇಳಿದೆ. ಅವರು ಶಿವಮೊಗ್ಗದ ನವುಲೆಯ ಒಂದು ಸಸ್ಯಪಾಲನಾ ಕೇಂದ್ರದಲ್ಲಿ ಕೆಲಸ ಮಾಡುವವರು, ದಿನವಿಡೀ ಸಸಿಗಳ ನಡುವೆ ಇರುವವರು. "ನಾವೂ ಗಿಡಕ್ಕೆ ಹೆಸರು ಬರೆದು ಪಟ್ಟಿ ಕಟ್ತೀವಿ, ಅದರಲ್ಲೇನಿದೆ?" ಎಂದರು. "ನಿಮ್ಮ ಪಟ್ಟಿಯಲ್ಲಿ ಗಿಡದ ಹೆಸರು ಇರುತ್ತೆ, ಅದರ ಸ್ವಭಾವ ಇರುತ್ತಾ?" ಎಂದು ಕೇಳಿದೆ. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಗಿಡಕ್ಕೆ ಬೈದ್ರೂ ಅದು ಓದಲ್ಲ ಶೈಲಾ. ಜನ ಓದ್ತಾರೆ. ಹುಷಾರು" ಎಂದರು. ಇವರ ಎಚ್ಚರಿಕೆಗಳು ನನಗೆ ಯಾವಾಗಲೂ ಸರಿಯಾದ ಸಮಯಕ್ಕೇ ಬರುತ್ತವೆ. ಕೇಳುವ ಬುದ್ಧಿ ಬರುವುದು ಮಾತ್ರ ಆಮೇಲೆ.

ಯಾಕೆಂದರೆ ಅಷ್ಟು ಹೊತ್ತಿಗೆ ನಾನೂ ಕಟ್ಟತೊಡಗಿದ್ದೆ. ಮೊದಮೊದಲು 'ಚೆನ್ನಾಗಿದೆ', 'ತೃಪ್ತಿಕರ' ಎಂದು ಕಾನ್ವೆಂಟಿನ ಪ್ರೋಗ್ರೆಸ್ ಕಾರ್ಡಿನ ಭಾಷೆಯಲ್ಲಿ ಬರೆದೆ. ಒಬ್ಬರೂ 'ಹೌದು' ಒತ್ತಲಿಲ್ಲ. ಆಮೇಲೆ ಧೈರ್ಯ ಮಾಡಿ ಒಂದು ಟಿಫನ್ ಡಬ್ಬಿಗೆ 'ಸಾರು ಬ್ಯಾಗಿಗೆ, ಅನ್ನ ಬಾಯಿಗೆ' ಎಂದು ಬರೆದೆ. ಸಂಜೆಯೊಳಗೆ ಹಾವೇರಿಯಿಂದ, ಪುತ್ತೂರಿನಿಂದ, ನಾನು ಕೇಳಿಯೇ ಇಲ್ಲದ ಊರುಗಳಿಂದ ಹೆಂಗಸರು ಒತ್ತಿದ್ದರು. ಅವರೆಲ್ಲರ ಮಕ್ಕಳ ಬ್ಯಾಗುಗಳೂ ಸಾರು ಕುಡಿದಿದ್ದವು! ಆ ಸಂತೋಷವನ್ನು ಹೇಗೆ ಹೇಳಲಿ? ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಮಾತಿಗೆ ಅಷ್ಟು ಜನ ಒಟ್ಟಿಗೆ ಹೌದು ಎಂದದ್ದು ಅದೇ ಮೊದಲು.

ಇನ್ನು ಒಂದು ಹಾಗಲಕಾಯಿ ಬಣ್ಣದ ಬ್ಲೌಸ್ ಪೀಸಿನ ವಿಷಯ. ನಮ್ಮ ಯಜಮಾನರ ಅಕ್ಕ ಗಿರಿಜಕ್ಕ ಭದ್ರಾವತಿಯ ನ್ಯೂ ಟೌನಿನಲ್ಲಿದ್ದಾರೆ. ನೇರ ಮನುಷ್ಯರು, ಕೈ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಗೌರಿ ಹಬ್ಬಕ್ಕೆ ಹೋದಾಗ ಮಡಿಲು ತುಂಬಿ, ತೆಂಗಿನಕಾಯಿಯ ಜೊತೆ ಆ ಬ್ಲೌಸ್ ಪೀಸ್ ಇಟ್ಟರು. ಹಾಗಲಕಾಯಿಯ ಹಸಿರು, ಅದರ ಮೇಲೆ ಮಿರಿಮಿರಿ ಚುಕ್ಕಿ. ನಾನು ಸಹಜವಾಗಿ, "ಅಯ್ಯೋ ಅಕ್ಕ, ಎಷ್ಟು ಚೆನ್ನಾಗಿದೆ! ಈ ಬಣ್ಣ ನನ್ನ ಹತ್ರ ಇರಲೇ ಇಲ್ಲ" ಎಂದೆ. ಇರಲಿಲ್ಲ ಎನ್ನುವುದಂತೂ ಸತ್ಯ. ಮಡಿಲಿಗೆ ಬಂದ ಬಟ್ಟೆಯ ಧರ್ಮ ಹೆಂಗಸರಿಗೆಲ್ಲ ಗೊತ್ತು: ಕೆಲವನ್ನು ಹೊಲಿಸುತ್ತೇವೆ, ಕೆಲವನ್ನು ಮಡಿಕೆ ಬಿಚ್ಚದೆ ಬೀರುವಿನಲ್ಲಿಟ್ಟು, ಮುಂದಿನ ಮುತ್ತೈದೆಯ ಮಡಿಲಿಗೆ ದಾಟಿಸುತ್ತೇವೆ. ಅದು ಅಗೌರವವಲ್ಲ, ಒಂದು ಬಗೆಯ ಸಾರಿಗೆ ವ್ಯವಸ್ಥೆ. ಅದೇ ಬಟ್ಟೆ ಮುಂದೊಂದು ದಿನ ಆ ಆನ್‌ಲೈನ್ ಅಂಗಡಿಯಲ್ಲಿ ನನ್ನ ಕಣ್ಣಿಗೆ ಬಿತ್ತು. ಅದೇ ಹಸಿರು, ಅದೇ ಚುಕ್ಕಿ. ಬೆರಳು ತಾನಾಗಿಯೇ ಓಡಿ 'ಕೊಡೋಕೆ ಮಾತ್ರ' ಎಂದು ಕಟ್ಟಿಬಿಟ್ಟಿತು.

ಅದು ಹಬ್ಬಿದ ಪರಿಯನ್ನು ನಾನು ಈಗಲೂ ನಂಬಲಾರೆ. ಒಂದು ವಾರ ಬಿಟ್ಟು ಆ ಟ್ಯಾಗನ್ನು ಮುಟ್ಟಿ ನೋಡಿದರೆ, ಅಬ್ಬಾ, ಕನ್ನಡ ನಾಡಿನ ಬೀರುಗಳೆಲ್ಲ ಬಾಗಿಲು ತೆರೆದು ನಿಂತ ಹಾಗಿತ್ತು. ಜೋಡಿ ಹಂಸಗಳ ಗೋಡೆ ಗಡಿಯಾರ, ಆರು ಲೋಟ ಒಂದು ಹೂಜಿಯ ಜ್ಯೂಸ್ ಸೆಟ್, ಮಡಿಕೆಯಲ್ಲೇ ಹಳದಿಯಾಗುವ ಟವೆಲ್ಲು, ಪ್ಲಾಸ್ಟಿಕ್ ಗುಲಾಬಿ ನಿಂತ ಹೂದಾನಿ. ಯಾವ ಮನೆಯಲ್ಲೂ ಬಳಕೆಯಾಗದೆ, ಯಾವ ಮನೆಯಲ್ಲೂ ತಂಗದೆ, ಮದುವೆಯಿಂದ ಗೃಹಪ್ರವೇಶಕ್ಕೆ, ಗೃಹಪ್ರವೇಶದಿಂದ ನಾಮಕರಣಕ್ಕೆ ಜೀವನಪೂರ್ತಿ ಸಂಚಾರ ಮಾಡುವ ವಸ್ತುಗಳೆಲ್ಲ ನನ್ನ ಒಂದು ಮಾತಿನ ಕೆಳಗೆ ಸೇರಿದ್ದವು. ನಮಗೆಲ್ಲ ಗೊತ್ತಿದ್ದು ಯಾರೂ ಯಾರಿಗೂ ಹೇಳದ ಒಂದು ಸಂಗತಿಗೆ ನಾನು ಹೆಸರಿಟ್ಟಿದ್ದೆ. ಕೈ ಮುಗಿಯಬೇಕೆನ್ನಿಸಿತು. ಯಾರಿಗೆ ಎಂದು ಮಾತ್ರ ತಿಳಿಯಲಿಲ್ಲ.

ಈ ಭಕ್ತಿಯ ಭರದಲ್ಲಿ ನಾನು ಮಾಡಿದ ಕೆಲಸ ಕೇಳಿ. ಗಿರಿಜಕ್ಕನ ಮಗಳು ಚೈತ್ರಾಳ ಸೀಮಂತ ಗೊತ್ತಾಗಿತ್ತು. ಅಕ್ಕ ನಮ್ಮ ಮನೆಗೆ ಬಂದಾಗ, ಸಾಮಾನು ಕೊಳ್ಳಲು ನೆರವಾಗಲೆಂದು ನಾನೇ ಪಕ್ಕದಲ್ಲಿ ಕೂರಿಸಿಕೊಂಡು ಆ ಅಂಗಡಿಯನ್ನು ಅವರ ಫೋನಿನಲ್ಲಿ ಹಾಕಿಕೊಟ್ಟೆ. "ನೋಡಿ ಅಕ್ಕ, ಅಂಗಡಿಯವರ ಮಾತು ಓದ್ಬೇಡಿ, ಜನ ಕಟ್ಟಿರೋ ಮಾತು ಓದಿ. ಅದ್ರಲ್ಲಿ ಸುಳ್ಳು ಇರಲ್ಲ" ಎಂದು ಪಾಠ ಹೇಳಿದೆ. ಯಾವ ಟ್ಯಾಗನ್ನಾದರೂ ಒತ್ತಿ ಹಿಡಿದರೆ ಅದನ್ನು ಮೊದಲು ಕಟ್ಟಿದವರ ಹೆಸರು, ಊರು ಕಾಣುತ್ತದೆ ಎನ್ನುವುದನ್ನೂ ತೋರಿಸಿಕೊಟ್ಟೆ. ಇಷ್ಟು ಶ್ರದ್ಧೆಯಿಂದ ತನ್ನ ಹಳ್ಳವನ್ನು ತಾನೇ ತೋಡಿಕೊಂಡವರು ಶಿವಮೊಗ್ಗ ಜಿಲ್ಲೆಯಲ್ಲಿ ಇನ್ನೊಬ್ಬರಿರಲಾರರು.

ಫೋನು ಬಂದಾಗ ನಾನು ಹೆಸರುಬೇಳೆ ನೆನೆಸುತ್ತಿದ್ದೆ. "ಏ ಶೈಲಾ, ಬ್ಲೌಸ್ ಪೀಸ್ ನೋಡ್ತಿದ್ದೆ ಮಾರಾಯ್ತಿ. 'ಕೊಡೋಕೆ ಮಾತ್ರ' ಅಂತ ಯಾರೋ ಹಾಕಿದಾರೆ. ಒತ್ತಿ ಹಿಡಿದೆ, ನೀನು ಹೇಳ್ಕೊಟ್ಟಿದ್ಯಲ್ಲ ಹಾಗೆ. ಶೈಲಜಾ ಅಂತೆ, ಶಿವಮೊಗ್ಗ ಅಂತೆ. ನಿನ್ನ ಪೈಕಿಯವರೇ ಇರ್ಬೇಕು, ವಿಚಾರಿಸು" ಎಂದು ಹೇಳಿ ಇಟ್ಟುಬಿಟ್ಟರು. ಗಿರಿಜಕ್ಕ ಫೋನನ್ನು ಇಷ್ಟು ಬೇಗ ಇಟ್ಟದ್ದನ್ನು ನಾನು ಕಂಡಿರಲಿಲ್ಲ. ಟ್ಯಾಗ್ ಅಳಿಸಲು ಓಡಿದೆ. 'ಇದನ್ನು ಬಹಳ ಜನ ಒಪ್ಪಿದ್ದಾರೆ. ಇದು ಈಗ ಎಲ್ಲರದು. ಅಳಿಸಲು ಬರುವುದಿಲ್ಲ' ಎಂದು ಉತ್ತರ ಬಂತು. ಗಾದೆ ಕಟ್ಟಿದವರು ಮಾರನೆಯ ದಿನ ಬಂದು ವಾಪಸು ಕೊಡಿ ಎಂದರೆ ಯಾರು ಕೊಡುತ್ತಾರೆ? ಆ ಸಂಕಟದಲ್ಲೂ ಅದು ಎಷ್ಟು ನ್ಯಾಯ ಎನ್ನಿಸಿತು. ಆದರೆ ಸೀಮಂತದಲ್ಲಿ ಮೊದಲು ಮಡಿಲು ತುಂಬುವುದು ಸೋದರಮಾವನ ಹೆಂಡತಿ, ಅಂದರೆ ನಾನು. ಅಕ್ಕನ ಮನಸ್ಸಿನಲ್ಲಿ ಕಹಿ ಉಳಿಸಿ ಆ ಹುಡುಗಿಯ ಮಡಿಲಿಗೆ ಅಕ್ಕಿ ಹೇಗೆ ಸುರಿಯಲಿ? ಅಕ್ಕನ ಮುಖ ನೋಡಿಯೇ ಬರಬೇಕೆಂದು ಮರುದಿನವೇ ಹೊರಟೆ.

ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸು ಹತ್ತಿ ಸಮಜಾಯಿಷಿ ಜೋಡಿಸಲು ಕುಳಿತರೆ ಪೀಠಿಕೆ ಮುಗಿಯುವುದರೊಳಗೆ ಊರು ಬಂದುಬಿಡುತ್ತದೆ. ಒಳ್ಳೆಯ ಸುಳ್ಳಿಗೆ ಸಾಲದ ದೂರ. ಗಿರಿಜಕ್ಕ ಕಾಫಿ ಕೊಟ್ಟರು, ಮಂಡಕ್ಕಿ ಕೊಟ್ಟರು, ಬಸ್ಸಿನಲ್ಲಿ ಸೀಟು ಸಿಕ್ಕಿತಾ ಎಂದು ಕೇಳಿದರು. ಟ್ಯಾಗಿನ ಸುದ್ದಿಯೇ ಇಲ್ಲ. ಆಮೇಲೆ ಒಳಗೆ ಹೋಗಿ ಒಂದು ಸೀರೆ ತಂದು ಮಂಚದ ಮೇಲೆ ಹರಡಿದರು. ಅದೇ ಹಾಗಲಕಾಯಿ ಹಸಿರು, ಉದ್ದಕ್ಕೂ.

"ಚೈತ್ರಾಗೆ ಸೀಮಂತಕ್ಕೆ ತರಿಸಿದೀನಿ. ಬೇಡ ಅಂದ್ರೆ ವಾಪಸ್ ತಗೊಂಡು ಹೋಗೋಕೆ ಇವತ್ತು ಬರ್ತಾರೆ, ನಾಳೆಯಿಂದ ತಗೊಳಲ್ಲ. ಹೇಳು, ಹೇಗಿದೆ?"

"ಚೆನ್ನಾ..." ಎಂದು ನನ್ನ ಬಾಯಿ ಹಳೆಯ ಹಾದಿ ಹಿಡಿಯಿತು.

"ತಡಿ ತಡಿ. ಬಾಯಲ್ಲಿ ಬೇಡ ಮಾರಾಯ್ತಿ. ಫೋನ್ ತಗೋ, ಟ್ಯಾಗ್ ಹಾಕು. ನೀನು ನಿಜ ಹೇಳೋದು ಅದ್ರಲ್ಲಿ ಮಾತ್ರ."

ಅವರು ಮಂಚದ ತುದಿಯಲ್ಲಿ ಕುಳಿತರು. ದನಿ ಇಳಿದಿತ್ತು. "ಆ ಪೀಸು ಕೊಡೋಕೆ ಮಾತ್ರ ಅನ್ನೋದು ನಂಗೊತ್ತಿಲ್ವಾ ಶೈಲಾ? ನಂಗೂ ಯಾರೋ ಕೊಟ್ಟಿದ್ದೇ ಅದು. ಅದಕ್ಕೆ ಬೇಜಾರಿಲ್ಲ. ನೀನು ಎಷ್ಟು ಚೆನ್ನಾಗಿದೆ ಅಂದ್ಯಲ್ಲ, ಅದನ್ನ ನಂಬಿದೆ ನೋಡು. ಶೈಲಾ ಓದಿದೋಳು, ಬಣ್ಣ ತಿಳಿದೋಳು, ನಂಗೇ ಕಣ್ಣು ಸರಿ ಇಲ್ಲ ಅಂದ್ಕೊಂಡೆ. ಹುಡುಕಿ ಹುಡುಕಿ ಅದೇ ಬಣ್ಣದ ಸೀರೆ ತರಿಸ್ದೆ. ಬೀಗರ ಮುಂದೆ ಮಗಳು ಇದನ್ನ ಉಟ್ಕೊಂಡು ಕೂರ್ಬೇಕು. ಈಗ ಹೇಳು."

ಊರೆಲ್ಲ ಒಪ್ಪಿದ ಮಾತು ಬರೆದವಳಿಗೆ ಎದುರಿಗಿದ್ದ ಒಬ್ಬರಿಗೆ ಒಂದು ಮಾತು ಹೇಳುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಬೆರಳಿಗೆ ಎಷ್ಟು ಸಲೀಸು, ನಾಲಿಗೆಗೆ ಎಷ್ಟು ಭಾರ! ಸೀರೆಯನ್ನು ಪಕ್ಕಕ್ಕೆ ಸರಿಸಿ ಹೇಳಿದೆ: "ಅಕ್ಕ, ಬೇಡ. ಚೈತ್ರಾಳ ಬಣ್ಣಕ್ಕೆ ಇದು ಮಂಕು. ಬಸುರಿ ಹುಡುಗಿ, ಸೊರಗಿದ ಹಾಗೆ ಕಾಣ್ತಾಳೆ. ಅವಳಿಗೆ ದಾಸವಾಳದ ಕೆಂಪು ತರಿಸಿ."

ಒಳಗಿನ ಕೋಣೆಯಿಂದ ಚೈತ್ರಾಳ ದನಿ ಬಂತು. "ಅಬ್ಬಾ, ಥ್ಯಾಂಕ್ಸ್ ಅತ್ತೆ! ನಾನು ಹೇಳಿ ಹೇಳಿ ಸಾಕಾಯ್ತು. ಶೈಲತ್ತೆಗೆ ಇಷ್ಟ ಆದ ಬಣ್ಣ ಅಂತ ಅಮ್ಮ ಕೇಳ್ತಾನೇ ಇರಲಿಲ್ಲ."

ಗಿರಿಜಕ್ಕ ಸೀರೆಯನ್ನು ಕ್ಷಣದಲ್ಲಿ ಮಡಚಿ ಪ್ಯಾಕೆಟ್ಟಿಗೆ ಸೇರಿಸಿದರು. ಅವರ ಮುಖದ ಮೇಲೆ ಮೂಡಿದ ನೆಮ್ಮದಿ ನೋಡಿದರೆ, ಆ ಹಸಿರು ಅವರಿಗೂ ಮೊದಲಿನಿಂದ ಹಿಡಿಸಿರಲಿಲ್ಲ ಎನ್ನುವುದು ಗೊತ್ತಾಗುತ್ತಿತ್ತು. ನನ್ನ ಒಂದು 'ಚೆನ್ನಾಗಿದೆ' ಎಷ್ಟು ಜನರನ್ನು ಕಟ್ಟಿಹಾಕಿತ್ತು ನೋಡಿ. "ಬಾಯಲ್ಲೂ ಬರುತ್ತಲ್ಲೇ ನಿಂಗೆ!" ಎಂದು ಬೆನ್ನಿಗೆ ಒಂದು ಗುದ್ದು ಕೊಟ್ಟರು. ನಾನು ಹಗುರಾಗಿ ನಕ್ಕೆ. ಇನ್ನು ಮೇಲೆ ಎದುರಿಗೇ ಹೇಳುತ್ತೇನೆ, ನಿಜ ಎಂಥ ಒಳ್ಳೆಯ ವಸ್ತು, ಎಂದೆಲ್ಲ ಅನ್ನಿಸುತ್ತಿರುವಾಗಲೇ ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ರಾಜಿಗೆ ಹೊರಟವಳೆಂದು ಇದ್ದುದರಲ್ಲಿ ನನಗೆ ಅತ್ಯಂತ ಪ್ರೀತಿಯ, ಅರಿಶಿನ ಬಣ್ಣಕ್ಕೆ ಅಗಲ ಜರಿಯಂಚಿನ ಸೀರೆ ಉಟ್ಟುಹೋಗಿದ್ದೆ.

"ಹಂಗಾದ್ರೆ ನಾನೂ ಒಂದು ಹೇಳ್ಲಾ ಶೈಲಾ? ಬಹಳ ವರ್ಷದಿಂದ ತಡ್ಕೊಂಡಿದೀನಿ."

"ಹೇಳಿ ಅಕ್ಕ."

"ಈ ಸೀರೆ ದೇವರ ಮನೆ ಪರದೆ ಇದ್ದಂಗಿದೆ."

ಒಳಗೆ ಚೈತ್ರಾ ಕೆಮ್ಮಿದಳು. ಆ ಸೀರೆಯನ್ನು ಎಷ್ಟೋ ಕನ್ನಡಿಗಳಲ್ಲಿ ನೋಡಿಕೊಂಡಿದ್ದೇನೆ, ಈ ಮಾತು ಹೊಳೆದಿರಲಿಲ್ಲ. ಒಮ್ಮೆ ಕಿವಿಗೆ ಬಿದ್ದ ಮೇಲೆ ಅದು ಬೇರೇನೂ ಆಗಿರಲು ಸಾಧ್ಯವೇ ಇರಲಿಲ್ಲ. ಇಡೀ ಆನ್‌ಲೈನ್ ಅಂಗಡಿಯಲ್ಲಿ ನಾನು ಓದಿದ ಯಾವ ಟ್ಯಾಗೂ ಇಷ್ಟು ಕರಾರುವಾಕ್ಕಾಗಿರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಸೆರಗನ್ನು ಮುದುಡಿ ಮಡಿಲಲ್ಲಿ ಇಟ್ಟುಕೊಂಡು ಕುಳಿತೆ.

ಸೀಮಂತ ಚೆನ್ನಾಗಿ ಆಯಿತು, ಕೆಂಪು ಸೀರೆಯಲ್ಲಿ ಚೈತ್ರಾ ಬೆಳಗುತ್ತಿದ್ದಳು. ನನ್ನ ಸೀರೆಯನ್ನು ಸವಳಂಗ ರಸ್ತೆಯ ಟೈಲರಿಗೆ ಕೊಟ್ಟು, ಅಳತೆಗೆ ಕತ್ತರಿಸಿ, ಮೇಲೆ ಸರಳು ತೂರುವಂತೆ ಹೊಲಿಸಿದೆ. ಈಗ ಅದು ನಮ್ಮ ದೇವರ ಮನೆಯ ಬಾಗಿಲಲ್ಲಿದೆ. ದೀಪ ಹಚ್ಚಿದಾಗ ಜರಿ ಮಿನುಗುತ್ತದೆ, ಹುಟ್ಟಿದ್ದೇ ಅದಕ್ಕೆಂಬಂತೆ ಒಪ್ಪಿದೆ. ಬಂದವರೆಲ್ಲ ನಿಂತು, "ಅಯ್ಯೋ, ಪರದೆ ಎಷ್ಟು ಚೆನ್ನಾಗಿದೆ, ಎಲ್ಲಿ ತಗೊಂಡ್ರಿ?" ಎಂದು ಕೇಳುತ್ತಾರೆ. ನಾನು ನಗುತ್ತಾ ಕಾಫಿ ಕೊಡುತ್ತೇನೆ. ಅವರನ್ನು ಗೇಟಿನವರೆಗೆ ಕಳಿಸಿ ಒಳಗೆ ಬಂದವಳು, ಬಾಗಿಲು ಹಾಕಿ, ಯಾವುದಕ್ಕೂ ಇರಲಿ ಎಂದು ಫೋನು ತೆಗೆದು, ಆ ಅಂಗಡಿಯ ಪರದೆಗಳಿಗೆ ಅವರು ಏನಾದರೂ ಕಟ್ಟಿದ್ದಾರಾ ಎಂದು ನೋಡುತ್ತೇನೆ.