ಎಡಗಡೆ ಬಾಗಿಲಿಗೆ ಬಣ್ಣ ಹೊಡೆದವಳು ನಾನೇ

"ಅದು ನಿಮ್ಮ ಕೈಲಾಗೋದಲ್ಲ ಬಿಡಿ" ಎಂಬ ಮಾತನ್ನು ನನಗೆ ಯಾರೂ ಹೇಳಬಾರದು. ಹೇಳಿದರೆ ಆ ಕೆಲಸ ಆಗಿಯೇ ತೀರುತ್ತದೆ; ಹೇಗೆ ಆಗುತ್ತದೆ ಎಂಬುದು ಬೇರೆ ವಿಷಯ. ಬಚ್ಚಲುಮನೆಯ ನಲ್ಲಿಯನ್ನು ಹೀಗೆಯೇ ಒಬ್ಬರ ಮಾತಿನ ಮೇಲೆ ರಿಪೇರಿ ಮಾಡಿದೆ. ಅದೀಗ ಎಲ್ಲ ನಲ್ಲಿಗಳೂ ನಿಲ್ಲುವ ಕಡೆಗೆ ತಿರುಗಿಸಿದರೆ ಬರುತ್ತದೆ, ಬರುವ ಕಡೆಗೆ ತಿರುಗಿಸಿದರೆ ನಿಲ್ಲುತ್ತದೆ. ನೀರು ಸೋರುವುದಿಲ್ಲ ತಾನೆ? ನೆಂಟರು ಬಂದಾಗ ಮಾತ್ರ ಸ್ನಾನಕ್ಕೆ ಮೊದಲು ಒಂದೆರಡು ಮಾತು ಹೇಳಿ ಕಳಿಸಬೇಕು. ನಲವತ್ತೆಂಟನೆಯ ವಯಸ್ಸಿನಲ್ಲಿ ಕಾರು ಕಲಿತದ್ದೂ ಇಂಥದೇ ಒಂದು ಮಾತಿನ ಹಟಕ್ಕೆ.

ನಾನು ಹೊನ್ನೂರಿನ ಶಾಲೆಯಲ್ಲಿ ಮೇಡಂ. ಮನೆ ಯಳಂದೂರಿನಲ್ಲಿ. ನಮ್ಮ ಹಳೆಯ ಕೆಂಪು ಕಾರನ್ನು ದಿನವೂ ಓಡಿಸಿಕೊಂಡು ಹೋಗಿ ಬರುತ್ತೇನೆ. ಒಂದು ಸಂಜೆ ಎದುರಿಗೆ ಕಬ್ಬು ತುಂಬಿದ ಟ್ರ್ಯಾಕ್ಟರು ರಸ್ತೆಯೆಲ್ಲ ತಾನೇ ಆಗಿಕೊಂಡು ಬಂತು. ನಾನು ಎಡಕ್ಕೆ ಸರಿದೆ. ಎಡಕ್ಕೆ ಮೋರಿಯ ಕಲ್ಲುಕಟ್ಟೆ ಇತ್ತು. ಅದು ಸರಿಯಲಿಲ್ಲ. ಎಡಗಡೆಯ ಹಿಂದಿನ ಬಾಗಿಲ ಮೇಲೆ ಮೊಳದುದ್ದ ಗೀರು, ನಡುವೆ ಅಂಗೈಯಷ್ಟು ಗುಳಿ.

ನಮ್ಮ ಯಜಮಾನರು ಗೊಬ್ಬರದ ಅಂಗಡಿಯವರು. ಅವರು ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮನೆಗೆ ಬಂದವರನ್ನೆಲ್ಲ ಕಾಫಿಗೂ ಮೊದಲು ಕಾರಿನ ಬಳಿಗೆ ಕರೆದೊಯ್ದು, "ನೋಡಿ, ನಮ್ ಮೇಡಂ ಮೋರಿ ಅಳ್ತೆ ತಕಂಡ್ ಬಂದವ್ರೆ" ಎಂದು ತೋರಿಸತೊಡಗಿದರು. ಗೋಡೆಯ ಮೊಳೆಯಲ್ಲಿದ್ದ ಕಾರಿನ ಕೀಲಿ ಅವರ ಅಂಗಿಯ ಜೇಬಿಗೆ ಹೋಯಿತು. "ಬಾಗ್ಲು ಸರಿಯಾಗೋಗಂಟ ಬಸ್ನಲ್ಲೇ ಓಗು ಕಣೆ" ಎಂದರು. ಆ ಕೀಲಿ ಮೊಳೆಗೆ ವಾಪಸು ಬರುವುದಿಲ್ಲ ಎಂದು ನನಗೆ ಆಗಲೇ ಅನ್ನಿಸಿತು.

ಭಾನುವಾರ ಕೊಳ್ಳೇಗಾಲದ ಒಬ್ಬ ಪೇಂಟರ್ ಬಳಿಗೆ ಹೋದೆವು. ಅವನು ಗುಳಿಯನ್ನು ತಟ್ಟಿ ನೋಡಿ, "ಗಾಡಿ ಬುಟ್ಟೋಗಿ. ಸಾಲು ಐತೆ, ಒಂದ್ ತಿಂಗ್ಳಾಯ್ತದೆ" ಎಂದ. "ಏನೇನು ಹಚ್ಚಬೇಕು ಹೇಳಪ್ಪ, ನಾನೇ ಮಾಡ್ಕೋತೀನಿ" ಎಂದೆ. ಅವನು ನನ್ನ ಕಡೆ ನೋಡದೆ ನಮ್ಮವರ ಕಡೆ ನೋಡಿ ನಕ್ಕು, ಆ ಮಾತನ್ನು ಹೇಳಿಯೇಬಿಟ್ಟ: "ಅದು ಮೇಡಂ ಕೈಲಾಗೋದಲ್ಲ ಬುಡಿ ಸಾ." ನಮ್ಮವರೂ ಜೊತೆಗೆ ನಕ್ಕರು. ದಾರಿಯುದ್ದಕ್ಕೂ ನಾನು ಮೊಬೈಲಿನಲ್ಲಿ ಬಣ್ಣ ಹೊಡೆಯುವ ಗನ್ನುಗಳನ್ನು ನೋಡುತ್ತಿದ್ದೆ. ಇದ್ದುದರಲ್ಲಿ ಅತಿ ಅಗ್ಗದ್ದನ್ನು ಯಳಂದೂರು ಬರುವುದರೊಳಗೆ ಆರ್ಡರ್ ಮಾಡಿದ್ದೆ.

ಬಂದದ್ದು ಕರೆಂಟಿನಿಂದ ಓಡುವ ಪ್ಲಾಸ್ಟಿಕ್ಕಿನ ಸಾಮಾನು; ಕೆಳಗೊಂದು ಡಬ್ಬಿ, ಮುಂದೊಂದು ಮೂತಿ. "ಏನೇ ಇದು, ಕೂದ್ಲು ಒಣಗ್ಸಾದಾ?" ಎಂದರು ನಮ್ಮವರು. ಬಣ್ಣ ಹೊಂದಿಸಲು ಪೆಟ್ರೋಲ್ ಟ್ಯಾಂಕಿನ ಹೊರಮುಚ್ಚಳವನ್ನು ಬಿಚ್ಚಿ, ಮಕ್ಕಳ ಕಾಪಿ ಪುಸ್ತಕಗಳ ನಡುವೆ ಇಟ್ಟುಕೊಂಡು ಕೊಳ್ಳೇಗಾಲದ ಬಸ್ಸು ಹತ್ತಿದೆ. ಬಣ್ಣದ ಅಂಗಡಿಯವನು ಮುಚ್ಚಳವನ್ನು ತಿರುವಿ, ಬಿಸಿಲು ತಾಕದ ಒಳಮೈ ನೋಡಿ ಬಣ್ಣ ಕಲೆಸಿಕೊಟ್ಟ. ಅದರ ಅರ್ಥ ನನಗೆ ಆಮೇಲೆ ಆಯಿತು.

ಗುಳಿಗೆ ಪುಟ್ಟಿ ತುಂಬಿ, ಎರಡು ಸಂಜೆ ನೀರು ಹಾಕಿ ಹಾಕಿ ಸ್ಯಾಂಡ್ ಪೇಪರಿನಲ್ಲಿ ಉಜ್ಜಿದೆ. ಪ್ರೈಮರ್ ಬಳಿದೆ. ಗಾಜಿಗೂ ಗಾಲಿಗೂ ಹಳೆಯ ಪತ್ರಿಕೆ ಅಂಟಿಸಿದೆ. ಶನಿವಾರ ಮಧ್ಯಾಹ್ನ ಮೂಗಿಗೆ ಮಾಸ್ಕ್ ಕಟ್ಟಿ, ಸೆರಗು ಸಿಕ್ಕಿಸಿ, ಗುಂಡಿ ಒತ್ತಿದೆ. ಗನ್ನು ಒಮ್ಮೆ ಕೆಮ್ಮಿತು, ಎರಡು ಸಲ ಉಗಿಯಿತು. ಬಾಗಿಲ ಮೇಲೆ ದಡಾರ ಎದ್ದಂತಾಯಿತು. ಬಣ್ಣ ಗಟ್ಟಿಯಾಯಿತೆಂದು ಥಿನ್ನರ್ ಸುರಿದೆ. ಈಗ ಅದು ಎಲ್ಲಿ ಬಿತ್ತೋ ಅಲ್ಲಿಂದ ಇಳಿದು ನೆಲ ಸೇರಿತು. ಅಷ್ಟರಲ್ಲಿ ಗಾಳಿಯೂ ಬೀಸಿತು. ತಂತಿಯ ಮೇಲೆ ಒಣಗುತ್ತಿದ್ದ ನಮ್ಮವರ ಬಿಳಿ ಪಂಚೆ ಓಕುಳಿ ಆಡಿಬಂದಂತಾಯಿತು. ನಿಜ ಹೇಳುತ್ತೇನೆ, ಪಂಚೆಗಾಗಿ ನನಗೆ ದುಃಖವಾಗಲಿಲ್ಲ. ಬಾಗಿಲು ನೋಡಿ ಮಾತ್ರ ಅಳು ಬಂತು.

ಪಕ್ಕದ ಮನೆಯ ಸೆಲ್ವಿ ಕಾಂಪೌಂಡಿನ ಮೇಲಿನಿಂದ ಎಲ್ಲವನ್ನೂ ನೋಡುತ್ತಿದ್ದಳು. ಮಾರ್ಟಳ್ಳಿಯ ಹುಡುಗಿ, ಮದುವೆಯಾಗಿ ನಮ್ಮ ಬೀದಿಗೆ ಬಂದವಳು. "ಅಯ್ಯೋ ಅಕ್ಕಾ, ರಂಗೋಲಿ ಬಿಡುವಾಗ ಕೈ ಹಿಂಗೆ ನಿಲ್ಲಿಸ್ತೀರಾ? ನಿಲ್ಲಿಸಿದ್ರೆ ಪುಡಿ ಗುಡ್ಡೆ ಆಗಲ್ವಾ?" ಎಂದಳು. "ಕೈ ಓಡಿಸಿಕೊಂಡೇ ಬಿಡಿ. ಬಣ್ಣ ಹಾಲಿನಂಗೆ ಇರ್ಲಿ, ನೀರಾಗ್ಬಾರ್ದು."

ಇಪ್ಪತ್ತೈದು ವರ್ಷ ಪಾಠ ಹೇಳಿದವಳು ನಾನು. ಆ ಅರ್ಧ ನಿಮಿಷದ ಪಾಠಕ್ಕೆ ತಲೆಬಾಗಿದೆ. ಎಲ್ಲವನ್ನೂ ಒರೆಸಿ, ಒಣಗಿಸಿ, ಮತ್ತೆ ಉಜ್ಜಿ, ಮರುದಿನ ಗಾಳಿ ಏಳುವ ಮೊದಲೇ ಶುರು ಮಾಡಿದೆ. ಮೊದಲು ರಟ್ಟಿನ ಮೇಲೆ ಕೈ ಓಡಿಸಿದೆ, ಆಮೇಲೆ ಬಾಗಿಲ ಮೇಲೆ. ತೆಳ್ಳಗೆ ಒಂದು ಸಲ, ಒಣಗಿದ ಮೇಲೆ ಇನ್ನೊಂದು ಸಲ, ಹೀಗೆ ನಾಲ್ಕು ಸಲ. ನಾಲ್ಕನೆಯ ಸಲಕ್ಕೆ ಬಾಗಿಲು ಮಿನುಗಿತು. ಸ್ವಲ್ಪ ಕಿತ್ತಳೆಹಣ್ಣಿನ ಸಿಪ್ಪೆಯ ಹಾಗೆ ತರಿತರಿ ಇತ್ತು, ಒಂದು ನೊಣವೂ ಶಾಶ್ವತವಾಗಿ ಸೇರಿಕೊಂಡಿತ್ತು. ಆದರೆ ಗೀರು ಇರಲಿಲ್ಲ, ಗುಳಿ ಇರಲಿಲ್ಲ.

ನಮ್ಮವರು ಬಂದು ಸುತ್ತು ಹಾಕಿದರು. "ಈ ಬಾಗ್ಲೊಂದೇ ಕೆಂಪಗದಲ್ಲೇ?" ಎಂದರು. ಹೌದು. ಬಿಸಿಲಿಗೆ ಕಾರೆಲ್ಲ ಬಣ್ಣಗೆಟ್ಟಿತ್ತು. ನನ್ನ ಬಾಗಿಲು ಅದು ಶೋರೂಮಿನಿಂದ ಬಂದ ದಿನದ ಕೆಂಪು. "ಬಾಗಿಲು ಸರಿಯಾಗಿದೆ. ಮಿಕ್ಕ ಕಾರು ಸರಿಯಿಲ್ಲದಿದ್ರೆ ಅದು ನನ್ನ ತಪ್ಪಲ್ಲ. ಕೀಲಿ ಕೊಡಿ" ಎಂದು ಕೈ ಚಾಚಿದೆ. ಅವರು ಬಾಗಿಲ ಮೇಲೊಮ್ಮೆ ಬೆರಳಾಡಿಸಿ, ಜೇಬಿನಿಂದ ಕೀಲಿ ತೆಗೆದರು.

ಮುಂದಿನ ವಾರ ನಾನೊಬ್ಬಳೇ ಹನೂರಿಗೆ ಹೊರಟವಳು ದಾರಿಯಲ್ಲಿ ಟೈರಿಗೆ ಗಾಳಿ ಹಾಕಿಸಲು ನಿಲ್ಲಿಸಿದೆ. ಪಂಕ್ಚರ್ ಅಂಗಡಿಯ ಹಿರಿಯನೊಬ್ಬ ಆ ಬಾಗಿಲನ್ನೇ ದಿಟ್ಟಿಸಿದ. "ಯಾರ್ ಮೇಡಂ ಈ ಬಣ್ಣ ಒಡ್ದೋರು?"

"ಯಳಂದೂರಲ್ಲಿ ಒಬ್ಬರಿದ್ದಾರೆ."

"ಉಜ್ಜಿರಾದು ಚೆಂದಾಗದೆ. ಬಣ್ಣ ಒಡೆಯಾಕೆ ಬರಾಕಿಲ್ಲ ಅವ್ರ್ಗೆ. ಇನ್ನೊಂದ್ ಕಿತ ಬೇರೆಯೋರ ತಾವ ಓಗಿ."

"ಇಲ್ಲಪ್ಪ. ಮತ್ತೆ ಅವರ ಹತ್ರಾನೇ ಮಾಡಿಸೋದು."

"ಯಾಕ್ ಮೇಡಂ, ನೆಂಟ್ರಾ?"

"ಹೂಂ, ತೀರಾ ಹತ್ತಿರದವರು. ಯಾರು ಏನು ಹೇಳಿದ್ರೂ ಕೇಳೋ ಪೈಕಿ ಅಲ್ಲ."

ಅವನು ಪೈಪು ಸುತ್ತುತ್ತ ಮರುಕದಿಂದ ನನ್ನನ್ನು ನೋಡಿದ. "ಅಂಥೋರ ಜೊತೆ ಏಗಾದು ಬಲು ಕಷ್ಟ ಬುಡಿ."

"ನಮ್ಮ ಯಜಮಾನರೂ ಅದನ್ನೇ ಹೇಳ್ತಾರೆ" ಎಂದು ಗೇರು ಹಾಕಿದೆ.