ನಾಲ್ಕು ಪ್ಲಗ್ಗಿಗೆ ನಾಲ್ಕು ಕಾಯಿಲ್

ಹೆಂಡತಿ: ಡಾಕ್ಟ್ರು ನಾಲ್ಕು ಗಂಟೆಗೆ ಬರ್ತಾರೆ, ಕಾರು ನೋಡ್ತಾರೆ, ತಗೊಂಡು ಹೋಗ್ತಾರೆ. ಮುಗೀತು. ಇದರಲ್ಲಿ ಮಾತಾಡೋಕೆ ಏನಿದೆ?

ಗಂಡ: ಅವರು ಹಲ್ಲಿನ ಡಾಕ್ಟ್ರು ಕಣೇ. ಕಾರಿನ ಬಗ್ಗೆ ಅವರಿಗೇನು ಗೊತ್ತು?

ಹೆಂಡತಿ: ಏನೂ ಗೊತ್ತಿಲ್ಲ. ಅದಕ್ಕೇ ತಗೋತಿರೋದು.

ಗ್ಯಾರೇಜಿನ ಬಾಗಿಲ ಬಳಿ, ಯಾವುದೋ ಕಾರಿನಿಂದ ಬಿಚ್ಚಿ ಗೋಡೆಗೆ ಒರಗಿಸಿದ್ದ ಹಿಂದಿನ ಸೀಟಿನ ಮೇಲೆ ಗಂಡ ಹೆಂಡತಿ ಅಕ್ಕಪಕ್ಕ ಕೂತಿದ್ದರು, ಎಲ್ಲಿಗೋ ಪ್ರಯಾಣ ಹೊರಟವರ ಹಾಗೆ. ಆಕೆ ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ ನರ್ಸು. ಆತ ಪುಸ್ತಕಗಳಿಗೆ ರಟ್ಟು ಕಟ್ಟುವವನು. ಎದುರಿಗೆ ಅವರ ಹಳೆಯ ಟರ್ಬೋ ಕಾರು ಬಾನೆಟ್ ಎತ್ತಿಕೊಂಡು, ಡಾಕ್ಟರು ಬರುವ ಮೊದಲೇ ಬಾಯಿ ತೆರೆದು ನಿಂತಿತ್ತು. ಮೆಕ್ಯಾನಿಕ್ ಅದರೊಳಗೆ ಬಗ್ಗಿದ್ದ. ಗಂಡನ ತೊಡೆಯ ಮೇಲೊಂದು ರಟ್ಟಿನ ಪೆಟ್ಟಿಗೆ. ಅದರಲ್ಲಿ ನಾಲ್ಕು ಹೊಸ ಕಾಯಿಲ್‌ಗಳು, ಹತ್ತಿಯಲ್ಲಿಟ್ಟ ಮೊಟ್ಟೆಗಳಂತೆ.

ಗಂಡ: ಇವಿಷ್ಟು ಹಾಕಿಬಿಟ್ರೆ ಆಸ್ಪತ್ರೆ ಗುಡ್ಡದ ಏರಲ್ಲಿ ಇನ್ನು ಮುಗ್ಗರಿಸಲ್ಲ.

ಹೆಂಡತಿ: ಆರು ತಿಂಗಳಿಂದ ಆ ಏರಲ್ಲಿ ಕೆಮ್ತಾ ಇದೆ. ಹೋದ ವಾರ ನಡುರಸ್ತೆಯಲ್ಲಿ ನಿಂತೇಬಿಡ್ತು. ಹಿಂದೆ ಆಂಬುಲೆನ್ಸು. ಒಳಗಿದ್ದ ರೋಗಿಯೇ ಇಳಿದು ಬಂದು ತಳ್ಳಿದ, ರೀ. ಒಂದು ಕೈಗೆ ಪ್ಲಾಸ್ಟರ್ ಇತ್ತು. ಇನ್ನೊಂದು ಕೈಯಲ್ಲಿ ತಳ್ಳಿದ.

ಗಂಡ: ಒಳ್ಳೆ ಮನುಷ್ಯ.

ಹೆಂಡತಿ: ಡ್ಯೂಟಿಗೆ ಇಪ್ಪತ್ತು ನಿಮಿಷ ಲೇಟು!

ಗಂಡ: ಇಪ್ಪತ್ತು ನಿಮಿಷ ತಾನೆ.

ಹೆಂಡತಿ: ಸ್ವಂತ ಮದುವೆಗೇ ಮುಕ್ಕಾಲು ಗಂಟೆ ಲೇಟಾಗಿ ಬಂದೋರು ನೀವು. ನಿಮಗೆ ಹಾಗೇ ಅನ್ಸುತ್ತೆ.

ಮೆಕ್ಯಾನಿಕ್ ಬಾನೆಟ್ಟಿನ ಕೆಳಗಿನಿಂದಲೇ ಮಧ್ಯೆ ಬಂದ.

ಮೆಕ್ಯಾನಿಕ್: ನೋಡಿ ಅಕ್ಕಾ, ಈಗ ಇರೋದು ಒಂದೇ ಕಾಯಿಲ್. ನಾಲ್ಕು ಪ್ಲಗ್ಗಿಗೂ ಅದೊಂದೇ ಓಡಾಡಿ ಕರೆಂಟ್ ಕೊಡಬೇಕು. ನಾಲ್ಕು ವಾರ್ಡಿಗೆ ಒಬ್ಬರೇ ನರ್ಸ್ ಇದ್ದ ಹಾಗೆ.

ಹೆಂಡತಿ: ನಾನು ಆರು ವಾರ್ಡ್ ನೋಡ್ಕೋತೀನಿ. ಎಲ್ಲಾದ್ರೂ ನಿಂತ್ಕೊಂಡಿದೀನಾ?

ಮೆಕ್ಯಾನಿಕ್: ಅದಲ್ಲ ಅಕ್ಕಾ. ಏರಲ್ಲಿ ಟರ್ಬೋ ಜೋರಾಗಿ ಗಾಳಿ ಊದುತ್ತೆ. ಆ ಗಾಳಿಗೆ ಪ್ಲಗ್ಗಿನ ಕಿಡಿ ಆರಿಹೋಗುತ್ತೆ. ಒಂದೊಂದು ಪ್ಲಗ್ಗಿಗೂ ಒಂದೊಂದು ಕಾಯಿಲ್ ಇದ್ರೆ ಕಿಡಿ ಗಟ್ಟಿಯಾಗಿರುತ್ತೆ, ಆರಲ್ಲ.

ಹೆಂಡತಿ: ಇಪ್ಪತ್ತಾರು ವರ್ಷ ಒಂದೇ ಕಾಯಿಲಲ್ಲಿ ಹತ್ತಿತಲ್ಲ? ಆಗ ಟರ್ಬೋ ಊದ್ತಿರಲಿಲ್ವಾ?

ಮೆಕ್ಯಾನಿಕ್ ನಿಧಾನವಾಗಿ ನೆಟ್ಟಗಾದ.

ಮೆಕ್ಯಾನಿಕ್: ಸಾರ್, ಅಕ್ಕ ಕೇಳಿದ್ದು ಸರಿಯಾಗಿದೆ.

ಗಂಡ: ಸರಿಯಾಗೇನಿಲ್ಲ. ನೀನು ಕಾಯಿಲ್ ಹಾಕಪ್ಪಾ.

ಆದರೆ ಮೆಕ್ಯಾನಿಕ್ ಆಗಲೇ ಒಂದು ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದಿದ್ದ. ಜೇಬಿನಿಂದ ಗೇಜ್ ತೆಗೆದು, ಅದರ ತೆಳ್ಳನೆಯ ಉಕ್ಕಿನ ಎಸಳುಗಳನ್ನು ಒಂದಾದ ಮೇಲೊಂದು ಪ್ಲಗ್ಗಿನ ತುದಿಯ ಸಂದಿಗೆ ತೂರಿಸಿ ನೋಡಿದ.

ಮೆಕ್ಯಾನಿಕ್: ಸಾರ್, ಈ ಸಂದು ಎಷ್ಟಿಟ್ಟಿದೀರಿ?

ಗಂಡ: ಎಷ್ಟಿರಬೇಕೋ ಅಷ್ಟು.

ಮೆಕ್ಯಾನಿಕ್: ಅದರ ಮೇಲೆ ಇನ್ನೂ ಅರ್ಧದಷ್ಟಿದೆ. ಇಷ್ಟು ಅಗಲಕ್ಕೆ ಹಳೇ ಕಾಯಿಲಿನ ಕಿಡಿ ಹಾರೋದೇ ಕಷ್ಟ. ಅಕ್ಕಾ, ಐದು ನಿಮಿಷದ ಕೆಲಸ ಇದು. ಸಂದು ಕಮ್ಮಿ ಮಾಡಿದ್ರೆ ಸಾಕು, ಹೊಸ ಕಾಯಿಲ್ ಬೇಡವೇ ಬೇಡ.

ಹೆಂಡತಿ: ಪ್ಲಗ್ ಕೆಲಸ ಯಾರು ಮಾಡೋದು?

ಮೆಕ್ಯಾನಿಕ್: ಸಾರೇ. ನನಗೆ ಮುಟ್ಟೋಕೂ ಬಿಡಲ್ಲ. ಗೇಜ್ ಕೊಟ್ರೂ ತಗೊಳ್ಳಲ್ಲ. ಆ ಕಾರ್ಡಲ್ಲೇ ಅಳೀತಾರೆ.

ಹೆಂಡತಿ: ಯಾವ ಕಾರ್ಡು?

ಗಂಡ ಪೆಟ್ಟಿಗೆಯಲ್ಲಿದ್ದ ಕಾಯಿಲ್‌ಗಳನ್ನು ಎಣಿಸತೊಡಗಿದ. ನಾಲ್ಕೇ ಇದ್ದವು, ಬಹಳ ಹೊತ್ತು ಎಣಿಸಿದ.

ಮೆಕ್ಯಾನಿಕ್: ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಇರುತ್ತಲ್ಲ, ನಿಮ್ಮ ಮದುವೆ ಕಾರ್ಡು. ಅದರ ಅಂಚು ಸಂದಿಗೆ ಸರಿಯಾಗಿ ಕೂರುತ್ತೆ.

ಹೆಂಡತಿ: ಗ್ರೀಸು ಹತ್ತಿದ್ದು ಅದಕ್ಕಾ! ಮದುವೆ ಕಾರ್ಡನ್ನ ಮಸಿಬಟ್ಟೆ ಮಾಡ್ಕೊಂಡಿದಾರೆ ಅಂತ ನಾನು ಒಂದು ವಾರ ಮಾತು ಬಿಟ್ಟಿದ್ದೆ.

ಗಂಡ: ಹೌದಾ? ಯಾವ ವಾರ?

ಹೆಂಡತಿ: ಆಮೇಲೆ ಮನಸ್ಸು ತಡೀಲಿಲ್ಲ. ಚೆನ್ನಾಗಿ ಒರೆಸಿ, ಲ್ಯಾಮಿನೇಟ್ ಮಾಡಿಸಿ, ಅಲ್ಲೇ ಇಟ್ಟೆ.

ಮೆಕ್ಯಾನಿಕ್: ಯಾವಾಗ ಅಕ್ಕಾ?

ಹೆಂಡತಿ: ಒಂದು ಆರು ತಿಂಗಳು...

ಮಾತು ಅಲ್ಲೇ ನಿಂತಿತು, ಏರಿನಲ್ಲಿ ಕಾರು ನಿಂತ ಹಾಗೆ. ಮೆಕ್ಯಾನಿಕ್ ಹೋಗಿ ಕಾರ್ಡು ತಂದ. ಎರಡೂ ಬದಿಗೆ ಪ್ಲಾಸ್ಟಿಕ್ ಮಿರಮಿರ ಮಿಂಚುತ್ತಿತ್ತು. ಅದರ ಅಂಚನ್ನು ಪ್ಲಗ್ಗಿಗೆ ಹಿಡಿದ. ಅಗಲವಾಗಿದ್ದ ಆ ಸಂದಿನಲ್ಲಿ ಅದು ಹೇಳಿ ಮಾಡಿಸಿದಂತೆ ಕೂತಿತು.

ಹೆಂಡತಿ: ನೀವು ಕಣ್ಣು ಮುಚ್ಕೊಂಡು ಹಾಳೆ ಮುಟ್ಟಿ ದಪ್ಪ ಹೇಳೋರು. ಇದು ಗೊತ್ತಾಗ್ಲಿಲ್ವಾ?

ಗಂಡ: ಗೊತ್ತಾಯ್ತು.

ಹೆಂಡತಿ: ಯಾವಾಗ?

ಗಂಡ: ಮೊದಲನೇ ದಿನವೇ.

ಹೆಂಡತಿ: ಮತ್ತೆ ಆ ಪ್ಲಾಸ್ಟಿಕ್ ಕಿತ್ತು ಹಾಕೋಕೆ ಏನಾಗಿತ್ತು?

ಗಂಡ: ನೀನು ಆಸೆಪಟ್ಟು ಮಾಡಿಸಿದ್ದು. ಕಿತ್ರೆ ಅಕ್ಷರನೂ ಅದರ ಜೊತೆ ಎದ್ದು ಬರುತ್ತೆ. ಅಂಚಲ್ಲೇ ನಿನ್ನ ಹೆಸರಿದೆ.

ಮೆಕ್ಯಾನಿಕ್: ಪ್ರಪಂಚದಲ್ಲಿ ಗೇಜ್ ಅಂತ ಒಂದಿದೆ ಸಾರ್.

ಗಂಡ: ಅದು ಬೇರೆಯವರ ಕಾರಿಗೆ.

ಮೆಕ್ಯಾನಿಕ್: ಅದಕ್ಕೋಸ್ಕರ ನಾಲ್ಕು ಕಾಯಿಲ್ ತಂದ್ರಾ?

ಗಂಡ: ಕಿಡಿ ಗಟ್ಟಿಯಿದ್ರೆ ಸಂದು ಅಗಲ ಇದ್ರೂ ದಾಟುತ್ತೆ ಅಂತ ಹೋದ ತಿಂಗಳು ನೀನೇ ಹೇಳಿದ್ಯಲ್ಲಪ್ಪಾ.

ಮೆಕ್ಯಾನಿಕ್: ದಾಟುತ್ತೆ ಸಾರ್. ಆದ್ರೆ ಕಾರಣ ಇದು ಅಂತ ನೀವು ಹೇಳಿರಲಿಲ್ಲ.

ಹೆಂಡತಿ ಎದ್ದು, ಬೆನ್ನು ತಿರುಗಿಸಿ ನಿಂತು ಫೋನ್ ಮಾಡಿದಳು. ದನಿ ವಾರ್ಡಿನಲ್ಲಿ ಮಾತಾಡುವಷ್ಟೇ ಸಮವಾಗಿತ್ತು.

ಹೆಂಡತಿ: ಡಾಕ್ಟ್ರೇ, ನಾಲ್ಕು ಗಂಟೆಗೆ ಬರಬೇಡಿ. ಕಾರು ಕೊಡ್ತಾ ಇಲ್ಲ. ಇಲ್ಲ ಇಲ್ಲ, ಕೆಟ್ಟಿಲ್ಲ. ಕೆಟ್ಟಿದ್ರೆ ನಿಮಗೇ ಕೊಡ್ತಿದ್ದೆ.

ಫೋನ್ ಇಟ್ಟು ಮೆಕ್ಯಾನಿಕ್‌ನ ಕಡೆ ತಿರುಗಿದಳು.

ಹೆಂಡತಿ: ಕಾಯಿಲ್ ಹಾಕಪ್ಪಾ. ನಾಲ್ಕೂ ಹಾಕು.

ಮೆಕ್ಯಾನಿಕ್: ಸಂದು ಎಷ್ಟಿಡ್ಲಿ ಅಕ್ಕಾ?

ಹೆಂಡತಿ: ಕಾರ್ಡು ಎಷ್ಟಿದೆಯೋ ಅಷ್ಟೇ ಇರಲಿ. ಕೈ ತೊಳ್ಕೊಂಡು ಅಳತೆ ಮಾಡು.

ಅವನು ಕಾರ್ಡನ್ನು ಅವಳ ಕೈಗೆ ಕೊಟ್ಟು ಕೈ ತೊಳೆಯಲು ಹೋದ. ಅವಳು ಸೀಟಿನ ಮೇಲೆ ಮತ್ತೆ ಕೂತು, ಸ್ವಲ್ಪ ಹತ್ತಿರವೇ ಕೂತು, ಕಾರ್ಡನ್ನು ಓದತೊಡಗಿದಳು.

ಹೆಂಡತಿ: ಇದರಲ್ಲಿ ಅಳೆಯೋಕೆ ಶುರು ಮಾಡಿದ್ದು ಯಾವತ್ತು?

ಗಂಡ: ಮದುವೆ ದಿನ. ಮಂಟಪಕ್ಕೆ ಬರ್ತಾ ಏರಲ್ಲಿ ನಿಂತುಬಿಡ್ತು. ಪ್ಲಗ್ ಬಿಚ್ಚಿದೆ. ಅಳೆಯೋಕೆ ಜೇಬಲ್ಲಿ ಇದೊಂದೇ ಇತ್ತು.

ಹೆಂಡತಿ: ಇಪ್ಪತ್ತಾರು ವರ್ಷದಿಂದ ಒಂದು ಮಾತು ಹೇಳಿಲ್ಲ ನೋಡಿ!

ಗಂಡ: ನೀನು ಕೇಳಲಿಲ್ಲ. ಬೈದೆ.

ಹೆಂಡತಿ: ಇಲ್ಲೇ ಮುಹೂರ್ತ ಹತ್ತೂವರೆ ಅಂತ ಇಷ್ಟು ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ. ಕೈಯಲ್ಲೇ ಹಿಡ್ಕೊಂಡಿದ್ರಲ್ಲ, ಒಂದು ಸಲ ಓದಬಾರ್ದಿತ್ತಾ?

ಗಂಡ: ಓದ್ಲಿಲ್ಲ ಕಣೇ. ದಪ್ಪ ಮಾತ್ರ ನೋಡಿದೆ.