ಸಾಹೇಬರ ನಾಲಗೆ, ನನ್ನ ಸಾರು

ಅಡುಗೆ ಬಾರದವನು ಬ್ರಹ್ಮಚಾರಿಯಾಗಿರಬಾರದು. ಇದ್ದರೂ ಖಾನಾವಳಿ ಇಲ್ಲದ ಊರಿನಲ್ಲಿ ಮಾಸ್ತರನಾಗಬಾರದು. ಎಪ್ಪತ್ತರ ದಶಕದಲ್ಲಿ, ಕುಂಬಾರವಾಡದ ಕಡೆಯ ಒಂದು ಶಾಲೆಯಲ್ಲಿ ನಾನು ಇವೆರಡೂ ಆಗಿದ್ದೆ. ನನ್ನ ಸಾರು ಉಂಡ ನಾಯಿ ಮರುದಿನದಿಂದ ಹಾದಿಯನ್ನೇ ಬದಲಿಸಿತ್ತು. ತಪಾಸಣೆಗೆ ಬಂದ ಸಾಹೇಬರಿಗೆ ಮಾಸ್ತರರ ಮನೆಯಲ್ಲೇ ಊಟ ಎಂಬುದು ಆಗಿನ ರೂಢಿ. ಆ ವರ್ಷ ನನ್ನ ಪಾಳಿ. ನನ್ನ ನೌಕರಿ ಖಾಯಂ ಆಗುವುದು ಅದೇ ಸಾಹೇಬರು ಬರೆಯುವ ಶೆರಾದ, ಅಂದರೆ ಅಭಿಪ್ರಾಯದ, ಮೇಲೆ ನಿಂತಿತ್ತು. ಪಾಠದ ಚಿಂತೆ ನನಗಿರಲಿಲ್ಲ, ಸಾರಿನದೇ ಚಿಂತೆ.

ಪಾಠ ನರಮಂಡಲದ್ದು. ಶಾಲೆಯಲ್ಲಿದ್ದ ಮೆದುಳಿನ ಚಿತ್ರವನ್ನು ಗೆದ್ದಲು ತಿಂದು ಜಾಣವಾಗಿತ್ತು. ಹೀಗಾಗಿ ಗಿಡಮೂಲಿಕೆ ಹಿಡಿದೇ ಕಲಿಸುತ್ತಿದ್ದೆ. ನೆನಪಿನ ಮಾತಿಗೆ ಒಂದೆಲಗ, ಸ್ಪರ್ಶಕ್ಕೆ ಮುಟ್ಟಿದರೆ ಮುನಿ. "ಈ ಗಿಡಕ್ಕ ನರಾನ ಇಲ್ಲ" ಎಂದಾಗ ಏಳನೆಯ ಇಯತ್ತೆಯ ಮೇರಿ, "ಮತ್ತ ಮುಟ್ಟಿದ್ದು ಅದಕ್ಕ ಹೆಂಗ ತಿಳೀತೈತ್ರಿ ಸರ?" ಎಂದು ಕೇಳಿದಳು. "ಅದು ಮುಂದಿನ ವರ್ಷದ ಪಾಠ" ಎಂದೆ. ಮುಂದಿನ ವರ್ಷ ಅವರೆಲ್ಲ ಬೇರೆ ಶಾಲೆಗೆ ಹೋಗುವವರು. ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನೆಲ್ಲ ನಾನು ಅಲ್ಲಿಗೇ ಸಾಗಹಾಕುತ್ತಿದ್ದೆ.

ತಪಾಸಣೆಯ ದಿನ, ಹಲ್ಲುನೋವಿಗೆ ಅಗಿಯುವ ಹಳದಿ ಹೂವು ತಂದಿದ್ದೆ. ಅಗಿದರೆ ನಾಲಗೆ ಜುಮುಜುಮು ಎಂದು ಮರಗಟ್ಟುತ್ತದೆ. ನರ ಸುದ್ದಿ ಒಯ್ಯದಿದ್ದರೆ ಏನಾಗುತ್ತದೆಂದು ಬಾಯಿಯೇ ಪಾಠ ಹೇಳುತ್ತದೆ. ಹಂಚಲೆಂದು ತಟ್ಟೆಯನ್ನು ಮೇರಿಯ ಕೈಗೆ ಕೊಟ್ಟೆ. ಆ ಕಡೆ ಮನೆಗೆ ಬಂದವರಿಗೆ ಕೊಡದೆ ಯಾರೂ ಬಾಯಿಗೆ ಏನೂ ಇಡುವುದಿಲ್ಲ. ಅವಳು ನೆಟ್ಟಗೆ ಸಾಹೇಬರ ಮುಂದೆ ಹೋಗಿ, "ಮೊದಲ ನೀವು ತಗೋರ್ರಿ" ಎಂದು ತಟ್ಟೆ ಹಿಡಿದಳು. ನಾನು ತಡೆಯುವಷ್ಟರಲ್ಲಿ ಅವರು ಅಡಿಕೆಯಂತೆ ಎರಡು ಹೂವು ಬಾಯಿಗೆ ಹಾಕಿಕೊಂಡು ಅಗಿದೇಬಿಟ್ಟರು.

ಸಾಹೇಬರ ಕಣ್ಣು ಅಗಲವಾದವು. ಜೊಲ್ಲು ಒರೆಸಿಕೊಳ್ಳುತ್ತ, "ಮಾಸ್ತರ, ನನ್ನ ನಾಲಿಗಿ ಎಲ್ಲಿ ಹೋತ್ರಿ?" ಎಂದು ತೊದಲಿದರು. ನನ್ನ ಶೆರಾ ಕೆಟ್ಟಿತೆಂದುಕೊಂಡೆ. ಮಕ್ಕಳು ಮಾತ್ರ ಒಂದೇ ದನಿಯಲ್ಲಿ, "ಅಲ್ಲೇ ಐತ್ರಿ, ನರಾ ಸುದ್ದಿ ಒಯ್ಯಾಕ ಹತ್ತಿಲ್ರಿ" ಎಂದವು. ಸಾಹೇಬರು ನಕ್ಕುಬಿಟ್ಟರು. ಆಗ ನನ್ನ ತಲೆಯಲ್ಲಿ ಇನ್ನೊಂದು ವಿಚಾರ ಹೊಳೆಯಿತು: ಮರಗಟ್ಟಿದ ನಾಲಗೆಗೆ ರುಚಿ ಎಲ್ಲಿಂದ ತಿಳಿಯಬೇಕು? "ಊಟಕ್ಕ ಏಳ್ರಿ ಸಾಹೇಬ್ರ, ಆರಿ ಹೋಗತೈತಿ" ಎಂದು ಅವರನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಮನೆಗೆ ಓಡಿದೆ.

ಸಾಹೇಬರು ಪಾಠವನ್ನು ಹೊಗಳುತ್ತ ಉಂಡರು. ಎರಡನೆಯ ಸಲವೂ ಸಾರು ಹಾಕಿಸಿಕೊಂಡರು. ಅಷ್ಟು ಸಂತೋಷ ನನಗೆ ನೌಕರಿ ಸಿಕ್ಕ ದಿನವೂ ಆಗಿರಲಿಲ್ಲ. ಅಷ್ಟರಲ್ಲಿ ಅವರ ಕೈ ತುತ್ತಿನೊಂದಿಗೆ ನಿಂತಿತು. ಸಾರನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನರ ಸುದ್ದಿ ಒಯ್ಯತೊಡಗಿತ್ತು.

"ಶೆರಾ ಚಲೋನ ಬರೀತೇನಿ, ಅದಕ್ಕ ಹೆದರಬ್ಯಾಡ್ರಿ ಮಾಸ್ತರ" ಎಂದರು, ಬಲು ಮೆತ್ತಗೆ. "ಆದ್ರ ಎಲಿ ಮ್ಯಾಲೆ ಅನ್ನ ಬಿಟ್ಟು ಏಳಬಾರದಂತ ನಮ್ಮವ್ವ ಹೇಳ್ಯಾಳ. ಆ ಹೂವು ಇನ್ನೊಂದು ಐತೇನ್ರಿ?"

ಕಿಸೆಯಲ್ಲಿ ಎರಡು ಉಳಿದಿದ್ದವು. ಒಂದನ್ನು ಅವರ ಕೈಗಿಟ್ಟೆ. ನನ್ನ ಎಲೆಯ ಮೇಲೂ ಅದೇ ಸಾರು ಇತ್ತಲ್ಲ; ಇನ್ನೊಂದನ್ನು ನಾನೇ ಅಗಿದೆ.